ಎನ್‌ಪಿಎಸ್ ಟಯರ್-1 ಖಾತೆ: ಹಣ ಬೆಳೆಸಲು ಅಗ್ಗ, ಬಿಡಿಸಿಕೊಳ್ಳಲು ಬಿಗಿ

ಪಿಎಫ್ ಬಗ್ಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಸಂಬಳ ಕೈಗೆ ಬರುವ ಮೊದಲೇ ಅದು ಕಡಿತವಾಗಿರುತ್ತದೆ. ಪಿಪಿಎಫ್ ಅಂಚೆ ಕಚೇರಿಯ ಪಾಸ್‌ಬುಕ್ ಕಾಲದಿಂದಲೂ ಮನೆಮನೆಗೆ ಗೊತ್ತು. ಪ್ರಶ್ನೆಗಳೆಲ್ಲ ಏಳುವುದು ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯ ವಿಚಾರ ಬಂದಾಗ. ಸೇರಬೇಕೇ? ಎಷ್ಟು ಹಾಕಬೇಕು? ನಡುವೆ ತುರ್ತು ಬಂದರೆ ತೆಗೆಯಬಹುದೇ? ಅರವತ್ತಕ್ಕೆ ಕೈಗೆ ಎಷ್ಟು, ಪಿಂಚಣಿಗೆ ಎಷ್ಟು?

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ದುಡಿಯುವ ವರ್ಷಗಳಲ್ಲಿ ಹಣ ಬೆಳೆಸುವ ಮಟ್ಟಿಗೆ ಎನ್‌ಪಿಎಸ್‌ನ ಮುಖ್ಯ ಖಾತೆಯಾದ ಟಯರ್-1ರಷ್ಟು ಕಡಿಮೆ ಖರ್ಚಿನ ಮಾರುಕಟ್ಟೆ ಹೂಡಿಕೆ ಸಾಮಾನ್ಯ ಜನರಿಗೆ ಸಿಗುವುದು ಕಷ್ಟ. ಆದರೆ ಬೆಳೆದ ಹಣವನ್ನು ತಿಂಗಳ ಪಿಂಚಣಿಯಾಗಿ ತಿರುಗಿಸುವ ಕೊನೆಯ ಹಂತ ಸೊರಗಿದೆ. ಹಾಗಾಗಿ ಕಂಪನಿ ಕೊಡುವ ಪಾಲನ್ನು ಪೂರ್ತಿ ಪಡೆಯಿರಿ, ಇಡೀ ನಿವೃತ್ತಿಯನ್ನು ಇದೊಂದರ ಮೇಲೆ ಕಟ್ಟಬೇಡಿ.

ಈ ವ್ಯವಸ್ಥೆ ಶುರುವಾದದ್ದು 2004ರ ಜನವರಿ 1ರ ನಂತರ ಕೇಂದ್ರ ಸರ್ಕಾರದ ಕೆಲಸಕ್ಕೆ ಸೇರಿದವರಿಗಾಗಿ. ಕರ್ನಾಟಕದ ರಾಜ್ಯ ಸರ್ಕಾರಿ ನೌಕರರಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರು ಇದರಡಿ ಬಂದರು. 2009ರ ಮೇ 1ರಿಂದ ಎಲ್ಲ ನಾಗರಿಕರಿಗೂ ಬಾಗಿಲು ತೆರೆಯಿತು. ಹಳೇ ಪಿಂಚಣಿ ಬೇಕೆಂಬ ಸರ್ಕಾರಿ ನೌಕರರ ಬೇಡಿಕೆ ಬೇರೆಯದೇ ವಿಷಯ, ಅದರ ನಿಯಮಗಳೂ ಬೇರೆ. ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಖಾಸಗಿ ಉದ್ಯೋಗಿಗಳು, ಸ್ವಂತ ವ್ಯವಹಾರದವರು ಮತ್ತು ಗೃಹಿಣಿಯರ ಖಾತೆಯ ಬಗ್ಗೆ. ಹೌದು, ಗೃಹಿಣಿಯರೂ ತೆರೆಯಬಹುದು. ಸಂಬಳದ ಚೀಟಿ ಯಾರೂ ಕೇಳುವುದಿಲ್ಲ.

ಖರ್ಚಿನ ಲೆಕ್ಕ

ನಿಧಿ ನಿರ್ವಹಣೆಗೆ ಪ್ರತಿ ವರ್ಷ ಕತ್ತರಿಸುವುದು ಸಾಮಾನ್ಯ ಸ್ಕೀಮುಗಳಲ್ಲಿ ಶೇ 0.1ರ ಆಸುಪಾಸು. ಮಧ್ಯವರ್ತಿಗಳ ಮೂಲಕ ಕೊಳ್ಳುವ ಈಕ್ವಿಟಿ ಮ್ಯೂಚುವಲ್ ಫಂಡ್‌ಗಳಲ್ಲಿ ಶೇ 1ಕ್ಕಿಂತ ಮೇಲೆ ಹೋಗುವುದು ಮಾಮೂಲು. ಈ ಒಂದು ಪರ್ಸೆಂಟ್ ಏನು ಮಾಡುತ್ತದೆ ನೋಡಿ. ತಿಂಗಳಿಗೆ 10,000 ರೂಪಾಯಿಯಂತೆ 25 ವರ್ಷ ಹಾಕಿದರೆ, ಶೇ 10ರ ಬೆಳವಣಿಗೆಯಲ್ಲಿ ಸುಮಾರು 1.32 ಕೋಟಿ ಆಗುತ್ತದೆ. ಅದೇ ಹಣ ಶೇ 9ರಲ್ಲಿ ಬೆಳೆದರೆ ಸುಮಾರು 1.12 ಕೋಟಿ. ಕೈಯಿಂದ ಹಾಕಿದ ಅಸಲು ಎರಡೂ ಕಡೆ 30 ಲಕ್ಷವೇ. ಅಂದರೆ ಬರೀ ಶುಲ್ಕದ ಅಂತರ 20 ಲಕ್ಷ ತಿಂದುಹಾಕುತ್ತದೆ.

ಇನ್ನೊಂದು ಅನುಕೂಲದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಖಾತೆಯೊಳಗೆ ಈಕ್ವಿಟಿಯಿಂದ ಸರ್ಕಾರಿ ಬಾಂಡಿಗೆ, ಬಾಂಡಿನಿಂದ ಈಕ್ವಿಟಿಗೆ ಹಣ ಸರಿಸಿದಾಗ ಒಂದು ಪೈಸೆ ತೆರಿಗೆಯೂ ಇಲ್ಲ. ವರ್ಷಕ್ಕೆ ನಾಲ್ಕು ಸಲ ಹಂಚಿಕೆ ಬದಲಾಯಿಸಬಹುದು, ಒಂದು ಸಲ ಫಂಡ್ ಮ್ಯಾನೇಜರನ್ನೇ ಬದಲಾಯಿಸಬಹುದು. ಮ್ಯೂಚುವಲ್ ಫಂಡ್‌ನಲ್ಲಿ ಇದೇ ಕೆಲಸ ಮಾಡಿದರೆ ಮಾರಾಟ ಎಂದು ಲೆಕ್ಕ ಹಿಡಿದು ಲಾಭದ ಮೇಲೆ ತೆರಿಗೆ ಬೀಳುತ್ತದೆ.

ಸ್ಟೇಟ್‌ಮೆಂಟ್ ನೋಡುವಾಗ ಒಂದು ಸಾಲು ಹಲವರನ್ನು ಗಾಬರಿಗೊಳಿಸುತ್ತದೆ. 5,000 ಹಾಕಿರುತ್ತೀರಿ, ಅದು ಇ, ಸಿ, ಜಿ ಎಂದು ಮೂರು ಸ್ಕೀಮುಗಳಿಗೆ ಹಂಚಿ ಹೋಗಿ ಮೂರು ಕಡೆ ಯೂನಿಟ್‌ಗಳಾಗಿ ಕಾಣುತ್ತದೆ. ನಡುನಡುವೆ ‘ಬಿಲ್ಲಿಂಗ್’ ಎಂಬ ಹೆಸರಲ್ಲಿ ಒಂದಿಷ್ಟು ಯೂನಿಟ್ ಕಡಿಮೆಯಾಗಿರುತ್ತದೆ. ಹಣ ಕಳೆದುಹೋದದ್ದಲ್ಲ, ದಾಖಲೆ ಇಡುವ ಸಂಸ್ಥೆ (ಸಿಆರ್‌ಎ) ತನ್ನ ಶುಲ್ಕವನ್ನು ಯೂನಿಟ್ ರದ್ದು ಮಾಡಿ ವಸೂಲು ಮಾಡುವ ರೀತಿ ಅದು. ಇ ಎಂದರೆ ಷೇರು, ಸಿ ಎಂದರೆ ಕಂಪನಿ ಸಾಲಪತ್ರ, ಜಿ ಎಂದರೆ ಸರ್ಕಾರಿ ಬಾಂಡ್. ಜಿ ಸ್ಕೀಮ್ ಕೂಡ ಕೆಲವು ತಿಂಗಳು ಇಳಿಯುತ್ತದೆ. ಬಡ್ಡಿದರ ಏರಿದಾಗ ಹಳೇ ಬಾಂಡುಗಳ ಬೆಲೆ ಕುಸಿಯುತ್ತದೆ, ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆಯನ್ನು, ದಿನವೂ ಮಾರುಕಟ್ಟೆ ಬೆಲೆಯಲ್ಲೇ ಕಟ್ಟುವುದರಿಂದ ಅದು ಕಣ್ಣಿಗೆ ಕಾಣುತ್ತದೆ. ಪಿಎಫ್‌ನಲ್ಲಿ ವರ್ಷಕ್ಕೊಂದು ಬಡ್ಡಿ ಘೋಷಣೆಯಾಗುವುದರಿಂದ ಈ ಏರಿಳಿತ ಸದಸ್ಯರಿಗೆ ತಟ್ಟುವುದಿಲ್ಲ.

ಏನೂ ಆರಿಸದೆ ಬಿಟ್ಟರೆ

ಖಾತೆ ತೆರೆಯುವಾಗ ಆ ಪುಟವನ್ನು ಮುಂದಕ್ಕೆ ತಳ್ಳಿದವರೇ ಹೆಚ್ಚು. ಆಗ ಹಣ ‘ಆಟೋ ಚಾಯ್ಸ್’ನ ಮಧ್ಯಮ ದಾರಿ, ಎಲ್‌ಸಿ-50ಕ್ಕೆ ಹೋಗುತ್ತದೆ. ಇದರಲ್ಲಿ 35 ವರ್ಷದವರೆಗೆ ಈಕ್ವಿಟಿ ಶೇ 50. ಆಮೇಲೆ ವರ್ಷಕ್ಕೆ ಎರಡೆರಡು ಅಂಶ ಇಳಿದು 55ಕ್ಕೆ ಶೇ 10ಕ್ಕೆ ನಿಲ್ಲುತ್ತದೆ. 45ರ ವ್ಯಕ್ತಿಗೆ ಈಕ್ವಿಟಿ ಶೇ 30 ಮಾತ್ರ. ಅವರ ಹಣಕ್ಕೆ ಇನ್ನೂ 15 ವರ್ಷ ಕೆಲಸ ಇದೆ, ಪಿಂಚಣಿಗೆ ಅದರ ಮುಂದೆ 25 ವರ್ಷ. ಪಿಎಫ್‌ನ ಗಂಟು ಈಗಾಗಲೇ ದೊಡ್ಡದಿರುವ ಸಂಬಳದಾರರಿಗೆ ಇದು ತೀರಾ ಜೋಪಾನದ ಹಂಚಿಕೆ ಎಂಬುದು ನಮ್ಮ ಅಭಿಪ್ರಾಯ. ಪಿಎಫ್ ಬಹುತೇಕ ಸಾಲಪತ್ರಗಳಲ್ಲೇ ಇರುತ್ತದೆ. ಎನ್‌ಪಿಎಸ್ ಕೂಡ ಅಲ್ಲೇ ಕೂತರೆ ಇಡೀ ಉಳಿತಾಯ ಒಂದೇ ಕಡೆ ವಾಲುತ್ತದೆ.

‘ಆಕ್ಟಿವ್ ಚಾಯ್ಸ್’ನಲ್ಲಿ ಈಕ್ವಿಟಿಯನ್ನು ಶೇ 75ರವರೆಗೆ ನೀವೇ ಇಟ್ಟುಕೊಳ್ಳಬಹುದು. 2025ರ ಅಕ್ಟೋಬರ್ 1ರಿಂದ ಸರ್ಕಾರೇತರ ಚಂದಾದಾರರಿಗೆ ಒಂದೇ ಪ್ರಾನ್ (ಎನ್‌ಪಿಎಸ್ ಖಾತೆ ಸಂಖ್ಯೆ) ಅಡಿ ಹಲವು ಸ್ಕೀಮುಗಳು ಬಂದಿವೆ, ಕೆಲವದರಲ್ಲಿ ಈಕ್ವಿಟಿ ಶೇ 100ರವರೆಗೂ ಹೋಗುತ್ತದೆ. ಆದರೆ ಇವುಗಳ ವಾರ್ಷಿಕ ಶುಲ್ಕ ಶೇ 0.30ರವರೆಗೆ ಇರಬಹುದು. ಹೊಸದು ಎಂಬ ಒಂದೇ ಕಾರಣಕ್ಕೆ ಅತ್ತ ಹಾರಬೇಕಿಲ್ಲ. ಶೇ 75 ಈಕ್ವಿಟಿಯ ಹಳೇ ದಾರಿ ಬಹಳ ಮಂದಿಗೆ ಧಾರಾಳವಾಗಿ ಸಾಕು. 55 ದಾಟಿದ ಮೇಲೆ ಮಾತ್ರ ಆಕ್ಟಿವ್ ಚಾಯ್ಸ್‌ನವರು ಎಚ್ಚರ ಇರಬೇಕು, ಯಾಕೆಂದರೆ ಅಲ್ಲಿ ಈಕ್ವಿಟಿಯನ್ನು ತಾನಾಗಿ ಇಳಿಸುವವರು ಯಾರೂ ಇಲ್ಲ. ಅರವತ್ತರ ಹುಟ್ಟುಹಬ್ಬದ ಹಿಂದಿನ ವರ್ಷ ಮಾರುಕಟ್ಟೆ ಬಿದ್ದರೆ ಆ ನಷ್ಟ ನಿಮ್ಮದೇ.

ಟಯರ್-2 ಖಾತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯಾವಾಗ ಬೇಕಾದರೂ ಹಣ ತೆಗೆಯಬಹುದು, ಸಾಮಾನ್ಯ ನಾಗರಿಕರಿಗೆ ತೆರಿಗೆ ಕಡಿತ ಇಲ್ಲ. ನಿವೃತ್ತಿ ಯೋಜನೆಗೆ ಅದು ಅನಿವಾರ್ಯವಲ್ಲ.

ತೆರಿಗೆ: 50 ಸಾವಿರದ ಹಳೇ ಮಾತು, ಶೇ 14ರ ಹೊಸ ಮಾತು

2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರೂಪುಗೊಂಡದ್ದು, ಅದರಲ್ಲಿ ಕಲಂ ಸಂಖ್ಯೆಗಳು ಬೇರೆ. ಎಲ್ಲರ ಬಾಯಲ್ಲೂ ಇರುವುದು ಹಳೇ ಸಂಖ್ಯೆಗಳಾದ್ದರಿಂದ ಅವನ್ನೇ ಇಲ್ಲಿ ಬಳಸಿದ್ದೇವೆ.

ಪ್ರತಿ ಫೆಬ್ರುವರಿ–ಮಾರ್ಚ್‌ನಲ್ಲಿ ‘50 ಸಾವಿರ ಎನ್‌ಪಿಎಸ್‌ಗೆ ಹಾಕಿ, ತೆರಿಗೆ ಉಳಿಸಿ’ ಎಂಬ ಸಲಹೆ ಓಡಾಡುತ್ತದೆ. ಅದು 80ಸಿಸಿಡಿ(1ಬಿ) ಕಲಂ, ಸಿಗುವುದು ಹಳೇ ತೆರಿಗೆ ಪದ್ಧತಿಯವರಿಗೆ ಮಾತ್ರ. ಹೊಸ ಪದ್ಧತಿ ಆಯ್ದುಕೊಂಡವರು ಸ್ವಂತ ಜೇಬಿನಿಂದ 50 ಸಾವಿರ ಹಾಕಿದರೆ ತೆರಿಗೆಯಲ್ಲಿ ಬಿಡಿಗಾಸೂ ಉಳಿಯುವುದಿಲ್ಲ, ಹಣ ಮಾತ್ರ ಅರವತ್ತರವರೆಗೆ ಲಾಕ್ ಆಗುತ್ತದೆ. ಹೊಸ ಪದ್ಧತಿಯೇ ಈಗ ತಾನಾಗಿ ಅನ್ವಯಿಸುವ ಪದ್ಧತಿ ಆಗಿರುವುದರಿಂದ ಈ ಎಡವಟ್ಟು ಬಹಳ ಕಾಣುತ್ತದೆ.

ಹೊಸ ಪದ್ಧತಿಯವರಿಗೆ ಉಳಿದಿರುವ ನಿಜವಾದ ದಾರಿ ಕಂಪನಿಯ ಪಾಲು, 80ಸಿಸಿಡಿ(2). ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 14ರಷ್ಟನ್ನು ಕಂಪನಿ ನಿಮ್ಮ ಪ್ರಾನ್‌ಗೆ ಹಾಕಿದರೆ ಅಷ್ಟೂ ಮೊತ್ತ ತೆರಿಗೆಯ ಆದಾಯದಿಂದ ಕಳೆಯುತ್ತದೆ. ಹಳೇ ಪದ್ಧತಿಯಲ್ಲಿ ಖಾಸಗಿ ನೌಕರರಿಗೆ ಈ ಮಿತಿ ಶೇ 10. ಮೂಲ ವೇತನ ತಿಂಗಳಿಗೆ 80,000 ಇದ್ದರೆ ಶೇ 14 ಎಂದರೆ 11,200, ವರ್ಷಕ್ಕೆ 1,34,400. ಶೇ 20ರ ಹಂತದಲ್ಲಿರುವವರಿಗೆ ಸೆಸ್ ಸೇರಿ ವರ್ಷಕ್ಕೆ ಸುಮಾರು 28,000 ತೆರಿಗೆ ಉಳಿಯುತ್ತದೆ.

ಇದು ಕಂಪನಿ ಮೇಲಿನಿಂದ ಕೊಡುವ ಹಣವಲ್ಲ ಎಂಬುದನ್ನು ಮರೆಯಬಾರದು. ಬಹುತೇಕ ಕಡೆ ನಿಮ್ಮ ಸಿಟಿಸಿಯ ‘ಸ್ಪೆಷಲ್ ಅಲೋವೆನ್ಸ್’ ಭಾಗವನ್ನು ಕಡಿಮೆ ಮಾಡಿ ಇತ್ತ ತಿರುಗಿಸುತ್ತಾರೆ. ಕೈಗೆ ಬರುವ ಸಂಬಳ ಕಡಿಮೆಯಾಗುತ್ತದೆ, ಆದರೆ ಕಡಿಮೆಯಾಗುವುದು ಹಾಕಿದ ಮೊತ್ತಕ್ಕಿಂತ ಕಮ್ಮಿ. ಎಚ್‌ಆರ್ ವಿಭಾಗಕ್ಕೆ ಎರಡು ಪ್ರಶ್ನೆ ಕೇಳಿ: ಕಂಪನಿ ಕಾರ್ಪೊರೇಟ್ ಎನ್‌ಪಿಎಸ್‌ಗೆ ನೋಂದಣಿ ಮಾಡಿದೆಯೇ? ಆರ್ಥಿಕ ವರ್ಷದ ಯಾವ ತಿಂಗಳಲ್ಲಿ ಇದನ್ನು ಆರಿಸಲು ಬಿಡುತ್ತಾರೆ? ಈಗಾಗಲೇ ಸ್ವಂತ ಪ್ರಾನ್ ಇದ್ದರೆ ಹೊಸದು ತೆರೆಯಬೇಡಿ, ಅದನ್ನೇ ಕಂಪನಿಯಡಿಗೆ ಸರಿಸುವ ಅರ್ಜಿ ಕೊಡಿ. ಒಬ್ಬರಿಗೆ ಒಂದೇ ಪ್ರಾನ್. 12 ಅಂಕಿಯ ಆ ಸಂಖ್ಯೆ ಕೆಲಸ ಬದಲಾದರೂ ಬದಲಾಗುವುದಿಲ್ಲ. ದೊಡ್ಡ ಸಂಬಳದವರಿಗೆ ಇನ್ನೊಂದು ಮಿತಿ ಇದೆ. ಪಿಎಫ್, ಎನ್‌ಪಿಎಸ್ ಮತ್ತು ಸೂಪರ್‌ಆ್ಯನ್ಯುಯೇಷನ್ ಮೂರಕ್ಕೂ ಸೇರಿ ಕಂಪನಿಯ ಪಾಲು ವರ್ಷಕ್ಕೆ 7.5 ಲಕ್ಷ ದಾಟಿದರೆ ದಾಟಿದ ಭಾಗಕ್ಕೆ ತೆರಿಗೆ ಬೀಳುತ್ತದೆ.

ಸ್ವಂತವಾಗಿ ಹಾಕುವವರಿಗೆ ಅತ್ಯುತ್ತಮ ದಾರಿ ಡಿ-ರೆಮಿಟ್. ನಿಮ್ಮ ಪ್ರಾನ್‌ಗೆ ಅಂಟಿಕೊಂಡ ಒಂದು ವರ್ಚುವಲ್ ಖಾತೆ ಸಂಖ್ಯೆ ಪಡೆದು, ಅದನ್ನು ನೆಟ್ ಬ್ಯಾಂಕಿಂಗ್‌ನಲ್ಲಿ ಬೆನಿಫಿಶಿಯರಿಯಾಗಿ ಸೇರಿಸಿ, ತಿಂಗಳ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟುಬಿಡಿ. ಬ್ಯಾಂಕ್ ಕೆಲಸದ ದಿನ ಬೆಳಗ್ಗೆ 11ರೊಳಗೆ ಹಣ ಟ್ರಸ್ಟಿ ಬ್ಯಾಂಕ್ ತಲುಪಿದರೆ ಅದೇ ದಿನದ ಎನ್‌ಎವಿ ಸಿಗುತ್ತದೆ. ಟಯರ್-1 ಮತ್ತು ಟಯರ್-2ಕ್ಕೆ ಬೇರೆ ಬೇರೆ ವರ್ಚುವಲ್ ಸಂಖ್ಯೆ ಇರುತ್ತದೆ. ತೆರಿಗೆ ಕಡಿತಕ್ಕೆಂದು ಹಾಕಿದ ಹಣ ತಪ್ಪಿ ಟಯರ್-2ಕ್ಕೆ ಹೋದರೆ ಕಡಿತ ಸಿಗದು. ಒಮ್ಮೆಗೆ ಕನಿಷ್ಠ 500, ವರ್ಷಕ್ಕೆ ಕನಿಷ್ಠ 1,000 ಹಾಕಬೇಕು. ಮಾರ್ಚ್ 31ರ ಸಂಜೆ ಹಾಕಿದ ಹಣ ಏಪ್ರಿಲ್‌ನಲ್ಲಿ ಜಮೆಯಾದರೆ ಆ ವರ್ಷದ ಲೆಕ್ಕದ ತಕರಾರು ನಿಮ್ಮ ಆಡಿಟರ್ ತಲೆಗೆ ಬರುತ್ತದೆ. ಮಾರ್ಚ್ ಮೂರನೇ ವಾರದೊಳಗೆ ಮುಗಿಸುವುದು ಕ್ಷೇಮ.

ನಡುವೆ ತೆಗೆಯುವುದು

ಮೂರು ವರ್ಷ ಆದ ಮೇಲೆ ಭಾಗಶಃ ಹಣ ತೆಗೆಯಬಹುದು. ಮಕ್ಕಳ ಉನ್ನತ ಶಿಕ್ಷಣ, ಮದುವೆ, ಮನೆ, ಗಂಭೀರ ಕಾಯಿಲೆಯಂಥ ಕಾರಣಗಳಿಗೆ. ಎಷ್ಟು ಎಂಬಲ್ಲೇ ಹೆಚ್ಚಿನವರು ಎಡವುವುದು. ಸಿಗುವುದು ಖಾತೆಯ ಒಟ್ಟು ಮೊತ್ತದ ಶೇ 25 ಅಲ್ಲ, ನಿಮ್ಮ ಸ್ವಂತ ವಂತಿಗೆಯ ಶೇ 25. ಕಂಪನಿ ಹಾಕಿದ್ದೂ ಲೆಕ್ಕಕ್ಕಿಲ್ಲ, ಬೆಳೆದ ಲಾಭವೂ ಲೆಕ್ಕಕ್ಕಿಲ್ಲ. ಖಾತೆಯಲ್ಲಿ 12 ಲಕ್ಷ ಕಂಡರೂ ಅದರಲ್ಲಿ ನೀವೇ ಹಾಕಿದ್ದು 4 ಲಕ್ಷವಾದರೆ ಸಿಗುವುದು 1 ಲಕ್ಷ. ಮಗಳ ಕಾಲೇಜು ಫೀಸಿಗೆ ಇದನ್ನೇ ನಂಬಿ ಕೂರುವಂತಿಲ್ಲ.

ಅರವತ್ತಕ್ಕೆ ಮೊದಲೇ ಖಾತೆ ಮುಚ್ಚಿದರೆ ಸಣ್ಣ ಮೊತ್ತದ ಖಾತೆಗಳನ್ನು ಬಿಟ್ಟರೆ ಶೇ 80ರಷ್ಟು ಆನ್ಯುಟಿಗೆ, ಅಂದರೆ ವಿಮಾ ಕಂಪನಿಯಿಂದ ಕೊಳ್ಳುವ ಪಿಂಚಣಿಗೆ, ಹೋಗಬೇಕು, ಕೈಗೆ ಶೇ 20 ಮಾತ್ರ. ನಲವತ್ತೈದು ಐವತ್ತಕ್ಕೆ ಕೆಲಸ ಬಿಡುವ ಯೋಚನೆ ಇರುವವರಿಗೆ ಈ ಖಾತೆ ಹೊಂದುವುದಿಲ್ಲ. ಬೆಂಗಳೂರಿನ ಐಟಿ ಕೆಲಸದಿಂದ ಬೇಗ ಹೊರಬಂದು ಊರಲ್ಲಿ ತೋಟ ನೋಡಿಕೊಳ್ಳುವ ಲೆಕ್ಕ ಹಾಕಿರುವವರು ಹೊರಬಂದ ದಿನದಿಂದ ಅರವತ್ತರವರೆಗಿನ ಖರ್ಚಿಗೆ ಬೇರೆ ಕಡೆ ಹಣ ಇಟ್ಟಿರಲೇಬೇಕು. ಖಾತೆಯನ್ನು ಮುಚ್ಚದೆ ವರ್ಷಕ್ಕೆ 1,000 ಹಾಕುತ್ತಾ ಜೀವಂತ ಇಟ್ಟುಕೊಳ್ಳುವುದು ಜಾಣತನ.

ಅರವತ್ತರ ನಂತರ: ಇಲ್ಲೇ ಅಂಕ ಕಡಿಮೆ

2025ರ ಡಿಸೆಂಬರ್‌ನಲ್ಲಿ ನಿರ್ಗಮನದ ನಿಯಮ ಸಾಕಷ್ಟು ಸಡಿಲವಾಯಿತು. ಸರ್ಕಾರೇತರ ಚಂದಾದಾರರ ಗಂಟು 8 ಲಕ್ಷದೊಳಗಿದ್ದರೆ ಪೂರ್ತಿ ತೆಗೆಯಬಹುದು. 12 ಲಕ್ಷ ಮೀರಿದ್ದರೆ ಶೇ 80ರವರೆಗೆ ಕೈಗೆ, ಕನಿಷ್ಠ ಶೇ 20 ಆನ್ಯುಟಿಗೆ. ನಡುವಿನವರಿಗೆ 6 ಲಕ್ಷದವರೆಗೆ ಒಟ್ಟಿಗೆ, ಉಳಿದದ್ದನ್ನು ಕನಿಷ್ಠ 6 ವರ್ಷಗಳಲ್ಲಿ ಕಂತಾಗಿ ಅಥವಾ ಆನ್ಯುಟಿಯಾಗಿ ಪಡೆಯುವ ಆಯ್ಕೆ. ಸರ್ಕಾರಿ ನೌಕರರಿಗೆ ಕೈಗೆ ಶೇ 60, ಆನ್ಯುಟಿಗೆ ಶೇ 40 ಎಂಬ ಹಳೇ ಲೆಕ್ಕವೇ ಮುಂದುವರಿದಿದೆ.

ಇಲ್ಲೊಂದು ಕೊಕ್ಕೆ ಇದೆ. ಆ ನಿಯಮ ಬಂದಾಗ ಆದಾಯ ತೆರಿಗೆ ಕಾಯ್ದೆಯಲ್ಲಿ ಇದ್ದ ವಿನಾಯಿತಿ ಗಂಟಿನ ಶೇ 60ಕ್ಕೆ ಮಾತ್ರ. 1 ಕೋಟಿಯಲ್ಲಿ 60 ಲಕ್ಷ ತೆರಿಗೆ ಇಲ್ಲದೆ ಬರುತ್ತದೆ. ಮೇಲಿನ 20 ಲಕ್ಷವನ್ನೂ ಒಂದೇ ವರ್ಷ ತೆಗೆದು ಅದು ತೆರಿಗೆಗೆ ಒಳಪಟ್ಟರೆ ಶೇ 30ರ ಹಂತಕ್ಕೆ ತಲುಪಿಬಿಡಬಹುದು. ಶೇ 60 ದಾಟಿ ತೆಗೆಯುವ ಮುನ್ನ ಆ ವರ್ಷದ ಕಾಯ್ದೆ ಏನು ಹೇಳುತ್ತದೆ ಎಂದು ಆಡಿಟರ್ ಬಳಿ ಖಚಿತ ಮಾಡಿಕೊಳ್ಳಿ. ಪಿಂಚಣಿ ಪ್ರಾಧಿಕಾರ ತೆಗೆಯಲು ಬಿಡುತ್ತದೆ ಎಂದ ಮಾತ್ರಕ್ಕೆ ತೆರಿಗೆ ಇಲಾಖೆ ಬಿಟ್ಟಿತು ಎಂದಲ್ಲ.

ಇನ್ನು ಆನ್ಯುಟಿ. ಎಲ್‌ಐಸಿ, ಎಸ್‌ಬಿಐ ಲೈಫ್, ಎಚ್‌ಡಿಎಫ್‌ಸಿ ಲೈಫ್‌ನಂಥ ವಿಮಾ ಕಂಪನಿಗಳಿಗೆ ಒಂದಿಷ್ಟು ಗಂಟು ಕೊಟ್ಟರೆ ಬದುಕಿರುವವರೆಗೆ ತಿಂಗಳಿಗಿಷ್ಟು ಎಂದು ಕೊಡುತ್ತಾರೆ. ದರ ಶೇ 6.5 ಎಂದಿಟ್ಟುಕೊಳ್ಳಿ, 40 ಲಕ್ಷಕ್ಕೆ ವರ್ಷಕ್ಕೆ 2.6 ಲಕ್ಷ, ತಿಂಗಳಿಗೆ ಸುಮಾರು 21,600. ಈ ಮೊತ್ತ ಸಾಮಾನ್ಯವಾಗಿ ಕೊನೆಯವರೆಗೂ ಅಷ್ಟೇ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ 72ನೇ ವಯಸ್ಸಿಗೆ ಅದರ ಕೊಳ್ಳುವ ಶಕ್ತಿ ಅರ್ಧ, 84ಕ್ಕೆ ಕಾಲುಭಾಗ. ಔಷಧಿ, ಆಸ್ಪತ್ರೆ, ಮನೆಗೆಲಸದವರ ಸಂಬಳ ಎಲ್ಲ ಏರುವ ಹೊತ್ತಿಗೆ ಪಿಂಚಣಿ ಸುಮ್ಮನೆ ನಿಂತಿರುತ್ತದೆ. ಮೇಲೆ, ಬರುವ ಪಿಂಚಣಿ ಪೂರ್ತಿ ನಿಮ್ಮ ಆದಾಯಕ್ಕೆ ಸೇರಿ ತೆರಿಗೆಗೆ ಒಳಪಡುತ್ತದೆ. ಈ ಹಂತ ಸೊರಗಿದೆ ಎಂದು ನಾವು ಹೇಳಿದ್ದು ಇದಕ್ಕೇ.

ಆನ್ಯುಟಿ ಬೇಡವೇ ಬೇಡ ಎಂದಲ್ಲ. ನೂರು ವರ್ಷ ಬದುಕಿದರೂ ನಿಲ್ಲದ ಆದಾಯ ಅದೊಂದೇ, ಮಾರುಕಟ್ಟೆ ಬಿದ್ದರೂ ಅಲುಗಾಡದು. ಅಕ್ಕಿ ಬೇಳೆ, ಕರೆಂಟ್ ಬಿಲ್ಲು, ಔಷಧಿಯ ಕನಿಷ್ಠ ಖರ್ಚಿಗೆ ಅದು ಸರಿ. ಆರಿಸುವಾಗ ನೋಡಬೇಕಾದದ್ದು ಎರಡು. ಒಂದು, ನಿಮ್ಮ ನಂತರ ಹೆಂಡತಿಗೆ ಅಥವಾ ಗಂಡನಿಗೆ ಪಿಂಚಣಿ ಶೇ 100 ಮುಂದುವರಿಯುವ ಜಂಟಿ ಆನ್ಯುಟಿಯೇ? ಇನ್ನೊಂದು, ಕೊನೆಗೆ ಅಸಲು ವಾರಸುದಾರರಿಗೆ ಮರಳುವ ಬಗೆಯೇ? ಅಸಲು ಮರಳಿಸುವ ಬಗೆಯಲ್ಲಿ ತಿಂಗಳ ಪಿಂಚಣಿ ಕಡಿಮೆ. ಮಕ್ಕಳು ನೆಲೆ ನಿಂತಿದ್ದರೆ ಅವರಿಗಾಗಿ ಅಸಲು ಕಾಯ್ದಿಡಲು ಹೋಗಿ ಅಪ್ಪ–ಅಮ್ಮ ಬಿಗಿಯಾಗಿ ಬದುಕುವುದು ನಮಗೆ ಸರಿ ಕಾಣುವುದಿಲ್ಲ. ಕಂಪನಿಯಿಂದ ಕಂಪನಿಗೆ ದರ ವ್ಯತ್ಯಾಸವಾಗುತ್ತದೆ, ಸಿಆರ್‌ಎ ತಾಣದಲ್ಲೇ ಎಲ್ಲರ ದರ ಪಕ್ಕಪಕ್ಕ ನೋಡಬಹುದು. ಪಾಲಿಸಿ ಬೇಡವೆಂದು ಹಿಂದಿರುಗಿಸಲು ಕೊಡುವ ಫ್ರೀ-ಲುಕ್ ಅವಧಿ ಮುಗಿದ ಮೇಲೆ ಆಯ್ಕೆ ಬದಲಾಯಿಸಲು ಬರುವುದಿಲ್ಲ.

ಅರವತ್ತಾದ ದಿನವೇ ಎಲ್ಲ ತೆಗೆಯಬೇಕೆಂಬ ಕಡ್ಡಾಯವೂ ಇಲ್ಲ. ಹೊಸ ನಿಯಮದಲ್ಲಿ 85 ವರ್ಷದವರೆಗೆ ಖಾತೆಯಲ್ಲೇ ಇರಬಹುದು. ಗಂಟಿನ ಭಾಗವನ್ನು ತಿಂಗಳು, ಮೂರು ತಿಂಗಳು ಅಥವಾ ವರ್ಷಕ್ಕೊಮ್ಮೆ ಕಂತಿನಲ್ಲಿ ತೆಗೆಯುವ ಅನುಕೂಲವೂ ಇದೆ. ಆನ್ಯುಟಿಯನ್ನು ಕೆಲವು ವರ್ಷ ಮುಂದೂಡಿದರೆ ವಯಸ್ಸು ಹೆಚ್ಚಾದಂತೆ ದರ ಸಾಮಾನ್ಯವಾಗಿ ಏರುತ್ತದೆ.

ಪಿಎಫ್ ಸಾಲದೇ?

ಸಂಬಳದಾರರು ಕೇಳುವ ಮುಖ್ಯ ಪ್ರಶ್ನೆ ಇದು. ಪಿಎಫ್‌ಗೆ 2023–24 ಮತ್ತು 2024–25ರಲ್ಲಿ ಸಿಕ್ಕ ಬಡ್ಡಿ ಶೇ 8.25. ಮಾರುಕಟ್ಟೆಯ ಅಪಾಯ ಇಲ್ಲದೆ ಈ ದರ ಬಹಳ ಒಳ್ಳೆಯದು, ಅದನ್ನು ಮುಟ್ಟಲೇಬೇಡಿ. ಆದರೆ ‘ಪಿಎಫ್‌ನಲ್ಲಿ ಪಿಂಚಣಿಯೂ ಬರುತ್ತದಲ್ಲ’ ಎಂಬ ಭರವಸೆ ಪೊಳ್ಳು. ಕಂಪನಿಯ ಪಾಲಿನಲ್ಲಿ ಶೇ 8.33 ಪಿಎಫ್‌ನ ಪಿಂಚಣಿ ಯೋಜನೆಯಾದ ಇಪಿಎಸ್‌ಗೆ ಹೋಗುತ್ತದೆ, ಅದೂ 15,000ದ ಮಿತಿಗೆ, ಅಂದರೆ ತಿಂಗಳಿಗೆ 1,250. ಪಿಂಚಣಿ ಲೆಕ್ಕ: ಪಿಂಚಣಿಗೆ ಪರಿಗಣಿಸುವ ಸಂಬಳವನ್ನು ಸೇವಾ ವರ್ಷದಿಂದ ಗುಣಿಸಿ 70ರಿಂದ ಭಾಗಿಸುವುದು. 15,000ದ ಮಿತಿಯಲ್ಲಿ 35 ವರ್ಷ ದುಡಿದವರಿಗೆ ಸಿಗುವುದು 7,500. ಸಂಬಳ ಎರಡು ಲಕ್ಷ ಇದ್ದವರಿಗೂ ಅಷ್ಟೇ.

ಇವತ್ತು ತಿಂಗಳಿಗೆ 40,000 ಖರ್ಚಿರುವ ಮನೆಗೆ ಬೆಲೆ ಏರಿಕೆ ಶೇ 6 ಇದ್ದರೆ 20 ವರ್ಷದ ನಂತರ ಬೇಕಾಗುವುದು ಸುಮಾರು 1.28 ಲಕ್ಷ. ವರ್ಷಕ್ಕೆ 15 ಲಕ್ಷದ ಮೇಲೆ. ನಲವತ್ತರ ವಯಸ್ಸಿನವರು ಈ ಒಂದು ಗುಣಾಕಾರವನ್ನು ತಮ್ಮ ಖರ್ಚಿಗೆ ಹಾಕಿ ನೋಡಿದರೆ ಎಷ್ಟು ಕೂಡಿಡಬೇಕೆಂಬುದು ತಾನಾಗಿ ಕಾಣುತ್ತದೆ.

ಪಿಎಫ್‌ನಲ್ಲಿ ಹಣಕ್ಕಿಂತ ಕಾಗದಪತ್ರವೇ ಕಾಡುತ್ತದೆ. ಕೆಲಸ ಬಿಟ್ಟಾಗಲೆಲ್ಲ ಹಣ ಬಿಡಿಸಿಕೊಳ್ಳುವುದು ದೊಡ್ಡ ನಷ್ಟ, ಇಪಿಎಸ್‌ಗೆ ಬೇಕಾದ 10 ವರ್ಷದ ಸೇವೆಯೂ ತುಂಡಾಗುತ್ತದೆ. ಹಳೇ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಿ. ಹಳೇ ಕಂಪನಿ ‘ಡೇಟ್ ಆಫ್ ಎಕ್ಸಿಟ್’ ತುಂಬದಿದ್ದರೆ ವರ್ಗಾವಣೆ ನಿಲ್ಲುತ್ತದೆ. ಕೊನೆಯ ವಂತಿಗೆಯಾಗಿ ಎರಡು ತಿಂಗಳ ಮೇಲೆ ಯುಎಎನ್ ಪೋರ್ಟಲ್‌ನಲ್ಲಿ ಅದನ್ನು ನೀವೇ ತುಂಬಬಹುದು.

ಪಿಪಿಎಫ್ ಬಗ್ಗೆ ಎರಡೇ ಮಾತು. ಪ್ರತಿ ತಿಂಗಳ 5ನೇ ತಾರೀಖಿನಿಂದ ತಿಂಗಳ ಕೊನೆಯವರೆಗಿನ ಅತಿ ಕಡಿಮೆ ಬಾಕಿಗೆ ಬಡ್ಡಿ ಕಟ್ಟುತ್ತಾರೆ. ಏಪ್ರಿಲ್ 5ರ ಬದಲು 6ಕ್ಕೆ 1.5 ಲಕ್ಷ ಹಾಕಿದರೆ ಶೇ 7.1ರ ದರದಲ್ಲಿ ಸುಮಾರು 887 ರೂಪಾಯಿ ಹೋಯಿತು. ಇನ್ನೊಂದು, 15 ವರ್ಷ ಮುಗಿದ ಮೇಲೂ ಹಣ ಹಾಕುತ್ತಾ ಮುಂದುವರಿಸಬೇಕಾದರೆ ಒಂದು ವರ್ಷದೊಳಗೆ ವಿಸ್ತರಣೆ ಫಾರಂ ಕೊಡಲೇಬೇಕು. ಕೊಡದೆ ಹಾಕಿದ ಹಣಕ್ಕೆ ಬಡ್ಡಿ ಸಿಗದು.

ಎನ್‌ಪಿಎಸ್‌ನಿಂದ ಕೈಗೆ ಬಂದ ಗಂಟನ್ನು ಎಲ್ಲಿಡಬೇಕು? ಮೊದಲ ಜಾಗ ಹಿರಿಯ ನಾಗರಿಕರ ಉಳಿತಾಯ ಯೋಜನೆ. ಒಬ್ಬರಿಗೆ 30 ಲಕ್ಷದವರೆಗೆ. 2023ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇ 8.2ರ ದರದಲ್ಲಿ ಮೂರು ತಿಂಗಳಿಗೊಮ್ಮೆ 61,500 ಖಾತೆಗೆ ಬೀಳುತ್ತದೆ. ಹೊಸ ಠೇವಣಿಗಳ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಷ್ಕರಿಸುತ್ತದೆ, ಇಟ್ಟ ದಿನದ ದರ ಮಾತ್ರ ಐದು ವರ್ಷ ಗಟ್ಟಿ. ಗಂಡ–ಹೆಂಡತಿ ಇಬ್ಬರಿಗೂ ಅರವತ್ತಾಗಿದ್ದರೆ ಎರಡು ಖಾತೆ.

ಹೊರದೇಶದಲ್ಲಿರುವವರು

ದುಬೈ, ದೋಹಾ, ಮಸ್ಕತ್‌ನಲ್ಲಿ ದುಡಿಯುವ ನಮ್ಮ ಕರಾವಳಿಯವರು ಇದನ್ನು ಗಮನಿಸಬೇಕು. ಅಲ್ಲಿ ಪಿಎಫ್ ಇಲ್ಲ, ಎನ್‌ಆರ್‌ಐ ಆದ ಮೇಲೆ ಹೊಸ ಪಿಪಿಎಫ್ ಖಾತೆ ತೆರೆಯಲು ಬರುವುದಿಲ್ಲ. ಮೊದಲೇ ಇದ್ದದ್ದನ್ನು ಅವಧಿ ಮುಗಿಯುವವರೆಗೆ ನಡೆಸಬಹುದು, ವಿಸ್ತರಿಸಲು ಬರದು. ಎನ್‌ಪಿಎಸ್ ಟಯರ್-1 ಮಾತ್ರ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯಿಂದ ತೆರೆಯಬಹುದು. 2019ರಿಂದ ಒಸಿಐ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರ) ಕಾರ್ಡ್‌ದಾರರಿಗೂ ಅವಕಾಶ ಇದೆ. ಪಿಂಚಣಿ ಬರುವುದು ರೂಪಾಯಿಯಲ್ಲಿ, ಹಾಗಾಗಿ ಕೊನೆಗೆ ಊರಿಗೇ ಮರಳುವವರಿಗೆ ಇದು ಹೆಚ್ಚು ಹೊಂದುತ್ತದೆ.

ಹೆಸರು, ಇನಿಷಿಯಲ್, ನಾಮಿನಿ

ಹಣ ಬಿಡಿಸುವಾಗ ಅರ್ಜಿ ತಿರಸ್ಕೃತವಾಗಲು ದೊಡ್ಡ ಕಾರಣ ಹೆಸರು ತಾಳೆಯಾಗದಿರುವುದು. ನಮ್ಮ ಕಡೆ ಇದು ಜಾಸ್ತಿ, ಇನಿಷಿಯಲ್ ಪದ್ಧತಿಯಿಂದಾಗಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್.ಕೆ.’, ಬ್ಯಾಂಕಿನಲ್ಲಿ ‘ಎಚ್.ಕೆ. ಮಂಜುನಾಥ್’, ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾದ್ದರಿಂದ ಊರಿನ ಹೆಸರು ಅಪ್ಪನ ಹೆಸರು ಎರಡೂ ಸೇರಿದ ಉದ್ದ ಹೆಸರು. ಮನುಷ್ಯ ಒಬ್ಬನೇ ಎಂದು ನಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಎನ್‌ಪಿಎಸ್‌ನಲ್ಲಿ ಹಣ ಕಳಿಸುವ ಮೊದಲು ಬ್ಯಾಂಕ್ ಖಾತೆಗೆ ಚಿಕ್ಕ ಮೊತ್ತ ಹಾಕಿ ಹೆಸರು ತಾಳೆ ನೋಡುತ್ತಾರೆ, ಇದಕ್ಕೆ ಪೆನ್ನಿ ಡ್ರಾಪ್ ಎನ್ನುತ್ತಾರೆ. ಅಲ್ಲಿ ವಿಫಲವಾದರೆ ಅರ್ಜಿ ನಿಂತಿತು. ಐವತ್ತೈದರ ಹೊತ್ತಿಗೇ ಆಧಾರ್, ಪ್ಯಾನ್, ಬ್ಯಾಂಕ್ ಮತ್ತು ಪ್ರಾನ್ ನಾಲ್ಕರಲ್ಲೂ ಹೆಸರು, ಜನ್ಮದಿನಾಂಕ ಒಂದೇ ಮಾಡಿಸಿಡಿ. ಮದುವೆಯ ನಂತರ ಹೆಸರಿಗೆ ಗಂಡನ ಹೆಸರು ಸೇರಿಸಿಕೊಂಡ ಮಹಿಳೆಯರು ಇದನ್ನು ಮೊದಲು ನೋಡಬೇಕು. ಹಳೇ ಮೊಬೈಲ್ ನಂಬರ್ ಇದ್ದರೆ ಒಟಿಪಿ ಬಾರದೆ ಎಲ್ಲವೂ ನಿಲ್ಲುತ್ತದೆ, ಅದನ್ನೂ ಬದಲಾಯಿಸಿ.

ಚಂದಾದಾರರು ಅರವತ್ತಕ್ಕೆ ಮೊದಲೇ ತೀರಿಕೊಂಡರೆ ಸರ್ಕಾರೇತರ ಖಾತೆಯಲ್ಲಿ ಗಂಟು ಪೂರ್ತಿ ನಾಮಿನಿಗೆ ಹೋಗುತ್ತದೆ, ಆನ್ಯುಟಿ ಕಡ್ಡಾಯವಲ್ಲ. ಮದುವೆಗೆ ಮೊದಲು ತೆರೆದ ಖಾತೆಗಳಲ್ಲಿ ನಾಮಿನಿ ಇನ್ನೂ ತಂದೆ ಅಥವಾ ತಾಯಿಯೇ ಆಗಿರುವುದು ತುಂಬಾ ಸಾಮಾನ್ಯ. ಸಿಆರ್‌ಎ ತಾಣಕ್ಕೆ ಲಾಗಿನ್ ಆಗಿ ನಾಮಿನಿ ಬದಲಾಯಿಸಿ ಆಧಾರ್ ಇ-ಸಹಿ ಹಾಕಿದರೆ ಮುಗಿಯಿತು. ಪಾಲು ಹಂಚುವಾಗ ಎಲ್ಲರದ್ದೂ ಸೇರಿ ನೂರು ಆಗಬೇಕು. ಮಕ್ಕಳು ಅಪ್ರಾಪ್ತರಾದರೆ ಪೋಷಕರ ಹೆಸರು ತುಂಬಬೇಕು. ಪ್ರಾನ್ ಸಂಖ್ಯೆ ಮತ್ತು ಯಾವ ಸಿಆರ್‌ಎ, ಪ್ರೋಟಿಯನ್, ಕೆಫಿನ್‌ಟೆಕ್ ಅಥವಾ ಕ್ಯಾಮ್ಸ್, ಎಂಬುದನ್ನು ಮನೆಯ ಎಲ್‌ಐಸಿ ಬಾಂಡು, ಕ್ರಯಪತ್ರ ಇರುವ ಫೈಲಿನಲ್ಲೇ ಬರೆದಿಟ್ಟು ಹೆಂಡತಿಗೆ ಅಥವಾ ಗಂಡನಿಗೆ ತೋರಿಸಿಡಿ. ಎನ್‌ಪಿಎಸ್‌ಗೆ ಪಾಸ್‌ಬುಕ್ ಇಲ್ಲದ ಕಾರಣ ಖಾತೆ ಇದೆ ಎಂಬುದೇ ಮನೆಯವರಿಗೆ ಗೊತ್ತಾಗದೆ ಉಳಿಯಬಹುದು.